ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆಗಳಿಂದ ಡಿಮೆನ್ಶಿಯಾ ತಡೀಬಹುದಾ? ಯಾವ ಮಾತಿಗೆ ಎಷ್ಟು ಆಧಾರ ಇದೆ

ಈಚೆಗೆ ಮುಂಬೈ, ಪುಣೆ ಕಡೆ ನಮ್ಮವರು ನಾಲ್ಕು ಜನ ಸೇರಿದ್ರೆ ಸಾಕು, ಮದುವೆ ಊಟ ಆಗ್ಲಿ, ಸಂಘದ ಕಾರ್ಯಕ್ರಮ ಆಗ್ಲಿ, ಈ ವಿಷಯ ಬಂದೇ ಬರತ್ತೆ. ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಮರೆವಿನ ಕಾಯಿಲೆಗೂ ಒಳ್ಳೇದಂತೆ, ತೂಕ ಇಳಿಸೋ ಇಂಜೆಕ್ಷನ್ ಹಾಕಿಸ್ಕೊಂಡ್ರೆ ಅಲ್ಜೈಮರ್ ಬರಲ್ವಂತೆ, ಕೊಲೆಸ್ಟರಾಲ್ ಮಾತ್ರೆ ಮಾತ್ರ ಬೇಡ ಅದ್ರಿಂದ್ಲೇ ನೆನಪು ಹೋಗತ್ತಂತೆ, ಹೀಗೆ ಒಬ್ಬೊಬ್ರದ್ದು ಒಂದೊಂದು. ಕೇಳೋದ್ರಲ್ಲಿ ತಪ್ಪೇನಿಲ್ಲ. 60-70ರ ದಶಕದಲ್ಲಿ ಹೋಟೆಲು, ಬ್ಯಾಂಕು, ಮಿಲ್ಲು, ರೈಲ್ವೆ ಅಂತ ಊರು ಬಿಟ್ಟು ಬಂದವರಿಗೆಲ್ಲ ಈಗ ಎಪ್ಪತ್ತೈದು, ಎಂಬತ್ತು. ಮಕ್ಕಳು ಒಬ್ಬರು ಬೆಂಗಳೂರಲ್ಲಿ, ಒಬ್ಬರು ಹೊರದೇಶದಲ್ಲಿ, ಡೊಂಬಿವಲಿ ಥಾಣೆ ಪಿಂಪ್ರಿ ಫ್ಲ್ಯಾಟುಗಳಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಲ್ಲಿ ಒಬ್ಬರಿಗೆ ಮರೆವು ಶುರುವಾದ್ರೆ ಇನ್ನೊಬ್ಬರ ಗತಿ ಏನು ಅನ್ನೋ ಭಯ ಎಲ್ಲರಿಗೂ ಇದೆ. ಅಂಥಾದ್ರಲ್ಲಿ ಮನೇಲಿ ಆಗ್ಲೇ ಇರೋ ಮಾತ್ರೆಯಿಂದ್ಲೇ ಅದನ್ನ ತಡೀಬಹುದು ಅಂದ್ರೆ ಯಾರಿಗೆ ಕಿವಿ ನೆಟ್ಟಗಾಗಲ್ಲ.

ಇದರಲ್ಲಿ ಸ್ವಲ್ಪ ಭಾಗ ನಿಜ, ಸ್ವಲ್ಪ ಇನ್ನೂ ಪರೀಕ್ಷೆಯಲ್ಲಿದೆ, ಸ್ವಲ್ಪ ಪೂರ್ತಿ ಗಾಳಿಮಾತು. ಒಂದೊಂದಾಗಿ ಬಿಡಿಸಿ ನೋಡೋಣ.

ಮೊದ್ಲು ಡಿಮೆನ್ಶಿಯಾ ಅಂದ್ರೆ ಏನು

ಅರವತ್ತಕ್ಕೆ ಅರಳುಮರಳು ಅಂತ ಹೇಳಿ ಸುಮ್ಮನಾಗೋದು ನಮ್ಮಲ್ಲಿ ರೂಢಿ. ಆದ್ರೆ ವಯಸ್ಸಾದಾಗ ಬರೋ ಸಾಮಾನ್ಯ ಮರೆವೇ ಬೇರೆ, ಡಿಮೆನ್ಶಿಯಾನೇ ಬೇರೆ. ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕೋದು, ಪಕ್ಕದ ಮನೆಯವರ ಅಳಿಯನ ಹೆಸರು ತಕ್ಷಣ ನೆನಪಾಗದೆ ಅರ್ಧ ಗಂಟೆ ಬಿಟ್ಟು ನೆನಪಾಗೋದು, ಇದು ಸಾಮಾನ್ಯ. ಮೂವತ್ತು ವರ್ಷ ಹೋಟೆಲ್ ಗಲ್ಲಾದಲ್ಲಿ ಕೂತು ಬಾಯಲ್ಲೇ ಲೆಕ್ಕ ಮಾಡ್ತಿದ್ದ ಮನುಷ್ಯ ಐನೂರರ ನೋಟಿಗೆ ಚಿಲ್ಲರೆ ಕೊಡೋಕೆ ತಡವರಿಸೋದು, ದಿನಾ ಮಾಡೋ ಸಾರಿಗೆ ಮೊದ್ಲು ಏನು ಹಾಕ್ಬೇಕು ಅಂತ ಅಜ್ಜಿಗೆ ಗೊತ್ತಾಗದೆ ಒಲೆ ಮುಂದೆ ನಿಂತುಬಿಡೋದು, ಅದು ಡಾಕ್ಟರಿಗೆ ತೋರಿಸಬೇಕಾದ ಮರೆವು. ನೆನಪು, ಲೆಕ್ಕ, ಮಾತು, ದಾರಿ, ತೀರ್ಮಾನ, ಇವುಗಳಲ್ಲಿ ದಿನದ ಬದುಕು ನಡೆಸೋಕೆ ಆಗದಷ್ಟು ಕುಸಿತ ಬಂದ್ರೆ ಅದನ್ನ ಡಿಮೆನ್ಶಿಯಾ ಅಂತಾರೆ.

ಇದು ಒಂದೇ ಕಾಯಿಲೆ ಅಲ್ಲ, ಹಲವು ಕಾಯಿಲೆಗಳ ಫಲ. ಅದ್ರಲ್ಲಿ 60ರಿಂದ 70 ಪರ್ಸೆಂಟ್ ಅಲ್ಜೈಮರ್. ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಜೈಮರ್ 1906ರಲ್ಲಿ ತನ್ನ ರೋಗಿಯೊಬ್ಬಳು ತೀರಿಕೊಂಡ ಮೇಲೆ ಅವಳ ಮೆದುಳನ್ನ ಮೈಕ್ರೋಸ್ಕೋಪಲ್ಲಿ ನೋಡಿ ವಿವರಿಸಿದ್ದು ಇದನ್ನೇ. ಇದರಲ್ಲಿ ಮೆದುಳಿನ ಜೀವಕೋಶಗಳ ಮಧ್ಯೆ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಗಡ್ಡೆ ಕಟ್ಟತ್ತೆ, ಒಳಗಡೆ ಟಾವ್ ಅನ್ನೋ ಇನ್ನೊಂದು ಪ್ರೋಟೀನ್ ಸಿಕ್ಕು ಸಿಕ್ಕಾಗಿ ಕೂರತ್ತೆ. ಎರಡನೇ ದೊಡ್ಡ ಕಾರಣ ರಕ್ತನಾಳಗಳದ್ದು, ಅಂದ್ರೆ ಮೆದುಳಿಗೆ ರಕ್ತ ಸರಿಯಾಗಿ ಹೋಗದೆ ಅಲ್ಲಲ್ಲಿ ಒಣಗೋದು, ಇದಕ್ಕೆ ವ್ಯಾಸ್ಕುಲರ್ ಡಿಮೆನ್ಶಿಯಾ ಅಂತಾರೆ. ವಯಸ್ಸಾದವರಲ್ಲಿ ಎಷ್ಟೋ ಸಲ ಎರಡೂ ಒಟ್ಟಿಗೇ ಇರತ್ತೆ, ಈ ಮಾತು ಮುಂದೆ ಮುಖ್ಯ ಆಗತ್ತೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಜನರಿಗೆ, ಒಟ್ಟು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಇನ್ನೊಂದು ವಿಷಯ, ಇದು ಎಪ್ಪತ್ತಕ್ಕೆ ಕಾಣಿಸಿಕೊಂಡ್ರೂ ಮೆದುಳಲ್ಲಿ ಬದಲಾವಣೆ ಶುರುವಾಗಿರೋದು ಅದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆ. ಹಾಗಾಗಿ ತಡೆಯೋ ಮಾತು ಬಂದ್ರೆ ಅದು ಅಜ್ಜನಿಗಿಂತ ಹೆಚ್ಚಾಗಿ ನಲವತ್ತೈದು, ಐವತ್ತರ ಮಗನಿಗೆ, ಸೊಸೆಗೆ ಸಂಬಂಧಪಟ್ಟದ್ದು.

ಹೊಸ ಔಷಧಿ ಬಿಟ್ಟು ಹಳೆ ಮಾತ್ರೆ ಹಿಂದೆ ಯಾಕೆ ಬಿದ್ದಿದ್ದಾರೆ

ಹೊಸದು ಇಲ್ಲ ಅಂತಲ್ಲ. ಲೆಕಾನೆಮಾಬ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ತಿ ಒಪ್ಪಿಗೆ ಸಿಕ್ತು, ಅದು ಮೆದುಳಿನ ಅಮೈಲಾಯ್ಡ್ ಅನ್ನ ನಿಜವಾಗ್ಲೂ ತೆಗೆಯತ್ತೆ. ಆದ್ರೆ ಎರಡು ವಾರಕ್ಕೊಮ್ಮೆ ನರಕ್ಕೆ ಡ್ರಿಪ್ ಹಾಕಿಸ್ಕೋಬೇಕು, ಮೆದುಳಲ್ಲಿ ಊತ ಅಥವಾ ರಕ್ತ ಜಿನುಗೋದು ಆಗ್ತಿದೆಯಾ ಅಂತ ಪದೇ ಪದೇ ಎಂಆರ್‌ಐ ಮಾಡಿಸ್ಕೋಬೇಕು, ಇಷ್ಟೆಲ್ಲಾ ಮಾಡಿದ್ರೂ ಕಾಯಿಲೆ ನಿಲ್ಲಲ್ಲ, ಒಂದೂವರೆ ವರ್ಷದಲ್ಲಿ ಕುಸಿಯೋ ವೇಗ ಸುಮಾರು 27 ಪರ್ಸೆಂಟ್ ಕಮ್ಮಿ ಆಗತ್ತೆ ಅಷ್ಟೇ. ಖರ್ಚಂತೂ ಕೇಳಲೇಬೇಡಿ.

ಹಾಗಾಗಿ ವಿಜ್ಞಾನಿಗಳು ಇನ್ನೊಂದು ದಾರಿನೂ ಹಿಡಿದಿದ್ದಾರೆ. ಬೇರೆ ಕಾಯಿಲೆಗೆ ಅಂತ ಹತ್ತಾರು ವರ್ಷದಿಂದ ಕೋಟಿಗಟ್ಟಲೆ ಜನ ತಗೊಳ್ತಿರೋ ಮಾತ್ರೆಗಳಲ್ಲಿ ಯಾವುದಾದ್ರೂ ಮೆದುಳನ್ನೂ ಕಾಯತ್ತಾ ಅಂತ ನೋಡೋದು. ಇದು ಹೊಸ ಐಡಿಯಾ ಏನಲ್ಲ, ನೋವಿಗೆ ಅಂತ ಬಂದ ಆಸ್ಪಿರಿನ್ ಆಮೇಲೆ ಹಾರ್ಟಿನ ಮಾತ್ರೆ ಆಗ್ಲಿಲ್ವಾ. ಅನುಕೂಲ ಸ್ಪಷ್ಟ: ಸೈಡ್ ಎಫೆಕ್ಟ್ ಏನು ಅಂತ ಗೊತ್ತಿದೆ, ಪೇಟೆಂಟ್ ಮುಗಿದಿರೋದ್ರಿಂದ ಜನೌಷಧಿ ಅಂಗಡಿಯಲ್ಲೂ ಅಗ್ಗಕ್ಕೆ ಸಿಗತ್ತೆ. ತೊಂದರೆನೂ ಅಲ್ಲೇ ಇದೆ, ಪೇಟೆಂಟ್ ಮುಗಿದ ಮಾತ್ರೆ ಮೇಲೆ ಕೋಟಿ ಕೋಟಿ ಸುರಿದು ಪರೀಕ್ಷೆ ಮಾಡಿದ್ರೆ ಕಂಪನಿಗೆ ಏನೂ ಗಿಟ್ಟಲ್ಲ, ಹಾಗಾಗಿ ಇಂಥ ಪರೀಕ್ಷೆಗಳು ಹೆಚ್ಚಾಗಿ ಸರ್ಕಾರದ ದುಡ್ಡಲ್ಲೇ ಆಗ್ಬೇಕು, ನಿಧಾನವಾಗಿ ಆಗತ್ತೆ.

ಬಿಪಿ ಮಾತ್ರೆ: ಸದ್ಯಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಇರೋದು ಇದಕ್ಕೆ

ಮೆದುಳಿನ ತೂಕ ಮೈತೂಕದ 2 ಪರ್ಸೆಂಟ್ ಇದ್ರೆ ಹೆಚ್ಚು. ಆದ್ರೆ ನಾವು ಉಸಿರಾಡಿದ ಆಕ್ಸಿಜನ್ನಲ್ಲಿ ಸುಮಾರು 20 ಪರ್ಸೆಂಟ್ ಅದಕ್ಕೇ ಬೇಕು. ಅಷ್ಟನ್ನ ಹೊತ್ಕೊಂಡು ಹೋಗೋಕೆ ಒಳಗಡೆ ಕೂದಲಿಗಿಂತ ಸಣ್ಣ ಸಣ್ಣ ರಕ್ತನಾಳಗಳ ಜಾಲ ಇದೆ.

ನಮ್ಮ ಕಡೆಯ ಹಳೇ ಬಿಲ್ಡಿಂಗ್ ಒಂದನ್ನ ನೆನಪಿಸಿಕೊಳ್ಳಿ. ಕೆಳಗಿಂದ ಬರೋ ದಪ್ಪ ಪೈಪು ಗಟ್ಟಿ ಇರತ್ತೆ, ಮನೆ ಮನೆಗೆ ಕವಲೊಡೆಯೋ ಪೈಪು ಸಣ್ಣದು. ಪಂಪಿನ ಪ್ರೆಶರ್ ವರ್ಷಗಟ್ಟಲೆ ಜಾಸ್ತಿ ಇಟ್ರೆ ದಪ್ಪ ಪೈಪಿಗೆ ತಕ್ಷಣ ಏನೂ ಆಗಲ್ಲ, ಕೊನೇ ಮನೆಯ ಸಣ್ಣ ಪೈಪಿನ ಜಾಯಿಂಟು ಎಲ್ಲೋ ಗೋಡೆ ಒಳಗೆ ಜಿನುಗೋಕೆ ಶುರು ಮಾಡತ್ತೆ, ಒಳಗೆ ಕಿಲುಬು ಕಟ್ಟಿ ದಾರಿ ಕಿರಿದಾಗತ್ತೆ, ಆ ಮನೆಗೆ ನೀರು ಬರೋದು ಕಮ್ಮಿ ಆಗತ್ತೆ, ಹೊರಗಿಂದ ನೋಡಿದ್ರೆ ಬಿಲ್ಡಿಂಗ್ ಚೆನ್ನಾಗೇ ಇದೆ. ಬಿಪಿ ಜಾಸ್ತಿ ಇದ್ದವರ ಮೆದುಳಲ್ಲಿ ಆಗೋದೂ ಹೀಗೇ, ಸಣ್ಣ ನಾಳಗಳು ದಪ್ಪಗಾಗಿ ಬಿಗಿಯಾಗತ್ತೆ, ಅಲ್ಲಲ್ಲಿ ಮುಚ್ಚಿಹೋಗತ್ತೆ ಅಥವಾ ಜಿನುಗತ್ತೆ, ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯೋ ಬಿಳಿ ಎಳೆಗಳು ಒಣಗತ್ತೆ. ಲಕ್ವಾ ಹೊಡೆದಂಗೆ ಒಂದೇ ದಿನ ಗೊತ್ತಾಗಲ್ಲ. ಎಂಆರ್‌ಐ ಮಾಡಿದಾಗ ಬಿಳಿ ಚುಕ್ಕೆಗಳಾಗಿ ಕಾಣತ್ತೆ, ಅಷ್ಟೊತ್ತಿಗೆ ವರ್ಷಗಳೇ ಕಳೆದಿರತ್ತೆ.

ಇದು ಬರೀ ತರ್ಕ ಅಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಸ್ಪ್ರಿಂಟ್ ಅಂತ ಒಂದು ದೊಡ್ಡ ಪರೀಕ್ಷೆ ನಡೀತು, ಐವತ್ತು ದಾಟಿದ, ಬಿಪಿ ಇರೋ ಆದ್ರೆ ಶುಗರ್ ಇಲ್ಲದ 9,361 ಜನ. ಅರ್ಧ ಜನಕ್ಕೆ ಮೇಲಿನ ಬಿಪಿ 140ರ ಒಳಗೆ, ಇನ್ನರ್ಧಕ್ಕೆ 120ರ ಒಳಗೆ ಇಡೋ ಗುರಿ. ಯಾರು ಯಾವ ಗುಂಪಿಗೆ ಅಂತ ಚೀಟಿ ಎತ್ತಿದಂಗೆ ಹಂಚಿದ್ದು. 2019ರಲ್ಲಿ ಮೆದುಳಿನ ಫಲಿತಾಂಶ ಬಂತು: 120ರ ಗುಂಪಿನಲ್ಲಿ ಡಿಮೆನ್ಶಿಯಾದ ಮುಂಚಿನ ಹಂತ, ಅಂದ್ರೆ ಮರೆವು ಇದೆ ಆದ್ರೆ ದಿನದ ಕೆಲಸ ನಡೀತಿದೆ ಅನ್ನೋ ಸ್ಥಿತಿ, 19 ಪರ್ಸೆಂಟ್ ಕಮ್ಮಿ. ಪೂರ್ತಿ ಡಿಮೆನ್ಶಿಯಾನೂ ಕಮ್ಮಿ ಇತ್ತು, ಆದ್ರೆ ಅದು ಬರೀ ಅದೃಷ್ಟದ ಆಟ ಅಲ್ಲ ಅಂತ ಖಾತ್ರಿಯಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ, ಯಾಕಂದ್ರೆ ಹಾರ್ಟಿಗೆ ಲಾಭ ಸ್ಪಷ್ಟವಾಗಿ ಕಂಡಿದ್ದಕ್ಕೆ ಚಿಕಿತ್ಸೆಯ ಭಾಗ ಮೂರು ವರ್ಷ ಚಿಲ್ಲರೆಗೇ ನಿಂತುಹೋಯ್ತು.

ಆ ಕೊರತೆ ತುಂಬಿದ್ದು ಚೀನಾದ ಹಳ್ಳಿಗಳು. ನನಗೆ ಇದು ಈ ಇಡೀ ವಿಷಯದಲ್ಲೇ ಹೆಚ್ಚು ಕುತೂಹಲದ ಕಥೆ. 326 ಹಳ್ಳಿ, ನಲವತ್ತು ದಾಟಿದ ಸುಮಾರು 34,000 ಬಿಪಿ ಇರೋ ಜನ. ಅರ್ಧ ಹಳ್ಳಿಗಳಲ್ಲಿ ಎಂದಿನಂತೆ. ಇನ್ನರ್ಧದಲ್ಲಿ ದೊಡ್ಡ ಸ್ಪೆಷಲಿಸ್ಟ್ ಯಾರೂ ಇಲ್ಲ, ಸ್ವಲ್ಪ ತರಬೇತಿ ಪಡೆದ ಹಳ್ಳಿ ವೈದ್ಯರೇ ಜನರನ್ನ ಕರೆದು ಬಿಪಿ ನೋಡಿ, ಅಗ್ಗದ ಮಾತ್ರೆ ಕೊಟ್ಟು, 130/80ರ ಒಳಗೆ ಬರೋವರೆಗೂ ಡೋಸ್ ಏರಿಸಿ, ಉಪ್ಪು ಕಮ್ಮಿ ಮಾಡಿ ಅಂತ ಬೆನ್ನು ಹತ್ತಿದ್ರು. ನಾಲ್ಕು ವರ್ಷದ ಕೊನೆಗೆ ಆ ಹಳ್ಳಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನರ ಬಿಪಿ ಹತೋಟಿಗೆ ಬಂದಿತ್ತು, ಉಳಿದ ಹಳ್ಳಿಗಳಲ್ಲಿ ನೂರಕ್ಕೆ 15 ಜನರದ್ದು ಮಾತ್ರ. ಡಿಮೆನ್ಶಿಯಾ? 15 ಪರ್ಸೆಂಟ್ ಕಮ್ಮಿ. 2025ರಲ್ಲಿ ಪ್ರಕಟ ಆಯ್ತು.

ಈ 15 ಪರ್ಸೆಂಟ್ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಓದಬೇಕು, ಪೇಪರಿನವರು ಇಲ್ಲೇ ಎಡವೋದು. ನೂರು ಜನರಲ್ಲಿ ಹದಿನೈದು ಜನ ಉಳಿದ್ರು ಅಂತಲ್ಲ. ಎಂದಿನ ಹಳ್ಳಿಗಳಲ್ಲಿ ನಾಲ್ಕು ವರ್ಷದಲ್ಲಿ ನೂರಕ್ಕೆ 5.4 ಜನಕ್ಕೆ ಬಂತು, ಬಿಪಿ ಹಿಡಿತದಲ್ಲಿಟ್ಟ ಹಳ್ಳಿಗಳಲ್ಲಿ 4.6 ಜನಕ್ಕೆ. ವ್ಯತ್ಯಾಸ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಕಮ್ಮಿ. ಒಬ್ಬ ಮನುಷ್ಯನಿಗೆ ಇದು ಸಣ್ಣದು ಅನ್ಸತ್ತೆ, ಬಿಪಿ ಇರೋರು ಕೋಟಿಗಟ್ಟಲೆ ಇರೋ ದೇಶಕ್ಕೆ ಸಣ್ಣದಲ್ಲ. ಇದಕ್ಕೂ ಮುಂಚೆ 2020ರಲ್ಲಿ ಹಲವು ಬಿಪಿ ಪರೀಕ್ಷೆಗಳನ್ನ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ್ಲೂ ಸುಮಾರು ನಾಲ್ಕು ವರ್ಷದಲ್ಲಿ ಡಿಮೆನ್ಶಿಯಾ ಅಥವಾ ಅದರ ಮುಂಚಿನ ಮರೆವು ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 7.5 ಜನಕ್ಕೆ, ಬಿಪಿ ಇಳಿಸಿದವರಲ್ಲಿ 7.0 ಜನಕ್ಕೆ ಬಂದಿತ್ತು, ಅಂದ್ರೆ ಬೇರೆ ಬೇರೆ ಕಡೆಯಿಂದ ಬಂದ ಲೆಕ್ಕ ಒಂದೇ ದಿಕ್ಕಿಗೆ ಕೈ ತೋರಿಸ್ತಿದೆ.

ಆಮ್ಲೋಡಿಪಿನ್ ಒಳ್ಳೇದಾ ಟೆಲ್ಮಿಸಾರ್ಟನ್ ಒಳ್ಳೇದಾ ಅಂತ ಕೇಳೋರಿದ್ದಾರೆ. ಮೆದುಳಿನ ಮಟ್ಟಿಗೆ ಇಂಥದ್ದೇ ಜಾತಿಯ ಮಾತ್ರೆ ಮೇಲು ಅನ್ನೋಕೆ ಸಾಕಷ್ಟು ಆಧಾರ ಇಲ್ಲ. ಬಿಪಿ ಇಳೀತಾ ಇಲ್ವಾ ಅನ್ನೋದೇ ಮುಖ್ಯ.

ಮತ್ತೆ ನಮ್ಮಲ್ಲಿ ಕಥೆ ಕೆಡೋದೂ ಇಲ್ಲೇ. ನಮ್ಮ ಸ್ಟೇಷನ್ ಹತ್ರದ ಕೆಮಿಸ್ಟ್ ಅಂಗಡಿ ಮುಂದೆ ಸಂಜೆ ಏಳರ ಲೋಕಲ್ ಇಳಿದ ಜನ ನಿಂತಿರೋವಾಗ ಕಿವಿಗೊಟ್ರೆ ಗೊತ್ತಾಗತ್ತೆ. "ಹತ್ತು ಬೇಡ, ಐದೇ ಕೊಡಿ" ಅಂತ ಸ್ಟ್ರಿಪ್ ಕತ್ತರಿಸಿ ಕೊಂಡೋರು, ಆ ಕಡೆ ಅರ್ಧದಲ್ಲಿ ಹೆಸರೂ ಇರಲ್ಲ ತಾರೀಖೂ ಇರಲ್ಲ. "ಮೊನ್ನೆ ಚೆಕ್ ಮಾಡಿದಾಗ ನಾರ್ಮಲ್ ಬಂತು ಅದಕ್ಕೇ ಬಿಟ್ಟೆ" ಅನ್ನೋ ಮಾತಂತೂ ಎಲ್ಲರ ಬಾಯಲ್ಲೂ. ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿರೋದು ಸ್ವಾಮಿ, ಬಿಟ್ರೆ ಮತ್ತೆ ಏರತ್ತೆ. ಮೇಲಿನ ಪರೀಕ್ಷೆಗಳಲ್ಲಿ ಲಾಭ ಸಿಕ್ಕಿದ್ದು ವರ್ಷಗಟ್ಟಲೆ ಬಿಡದೆ ಹತೋಟಿಯಲ್ಲಿಟ್ಟವರಿಗೆ.

ಹಾಗಂತ ಎಂಬತ್ತೈದರ ಅಜ್ಜನಿಗೂ 120ಕ್ಕೇ ಇಳಿಸಿ ಅಂತ ಡಾಕ್ಟರ್ ಹತ್ರ ಹಟ ಮಾಡೋದಲ್ಲ. ವಯಸ್ಸಾದವರಲ್ಲಿ ಬಿಪಿ ತೀರಾ ಇಳಿದ್ರೆ ರಾತ್ರಿ ಬಾತ್‌ರೂಮಿಗೆ ಏಳೋವಾಗ ತಲೆ ತಿರುಗಿ ಬೀಳ್ತಾರೆ, ಸೊಂಟದ ಮೂಳೆ ಮುರಿಯತ್ತೆ. ಅವರಿಗೆ ಕೂತಾಗ ಒಂದ್ಸಲ, ಎದ್ದು ನಿಂತ ಮೇಲೆ ಒಂದ್ಸಲ ಬಿಪಿ ನೋಡಿ ಗುರಿ ಎಷ್ಟು ಅಂತ ಡಾಕ್ಟರೇ ನಿರ್ಧಾರ ಮಾಡ್ಬೇಕು.

ಶುಗರ್ ಮಾತ್ರೆಗಳು: ಆಸೆ ದೊಡ್ಡದು, ಪುರಾವೆ ಅರ್ಧಂಬರ್ಧ

ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2023ರ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಇರೋರು 10 ಕೋಟಿ ದಾಟಿದ್ದಾರೆ. ಶುಗರ್ ಇದ್ದವರಿಗೆ ಡಿಮೆನ್ಶಿಯಾ ಬರೋ ಸಾಧ್ಯತೆ ಇಲ್ಲದವರಿಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ರಕ್ತನಾಳ ಹಾಳಾಗೋದು ಒಂದು ಕಾರಣ, ಮೆದುಳಿನ ಜೀವಕೋಶ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದೇ ಇರೋದು ಇನ್ನೊಂದು ಅಂತ ಸಂಶೋಧಕರು ಹೇಳ್ತಾರೆ. ಹಾಗಾದ್ರೆ ಶುಗರ್ ಇಳಿಸಿದ್ರೆ ಮೆದುಳು ಉಳೀಬೇಕಲ್ವಾ? ಅಷ್ಟು ಸರಳ ಇಲ್ಲ. ಅಮೆರಿಕದ ಅಕಾರ್ಡ್ ಅನ್ನೋ ಪರೀಕ್ಷೆಯಲ್ಲಿ ಶುಗರನ್ನ ತುಂಬಾ ಬಿಗಿಯಾಗಿ ಇಳಿಸಿ ನೋಡಿದ್ರು, ನೆನಪಿನ ಪರೀಕ್ಷೆಗಳಲ್ಲಿ ಏನೂ ಲಾಭ ಕಾಣಲಿಲ್ಲ, ಬದಲಿಗೆ ಬಿಗಿ ಗುಂಪಿನಲ್ಲಿ ಸಾವುಗಳು ಜಾಸ್ತಿ ಆಗಿ 2008ರಲ್ಲಿ ಆ ಭಾಗವನ್ನೇ ನಿಲ್ಲಿಸಬೇಕಾಯ್ತು. ವಯಸ್ಸಾದವರಲ್ಲಿ ಶುಗರ್ ಪದೇ ಪದೇ ತೀರಾ ಕೆಳಗೆ ಬೀಳೋದೂ ಮೆದುಳಿಗೆ ಒಳ್ಳೇದಲ್ಲ.

ಮೆಟ್‌ಫಾರ್ಮಿನ್ ವಿಷಯ ತಗೊಳ್ಳಿ. ಕೆಲವು ಅಧ್ಯಯನಗಳಲ್ಲಿ ಅದನ್ನ ತಗೊಳ್ಳೋರಿಗೆ ಡಿಮೆನ್ಶಿಯಾ ಕಮ್ಮಿ, ಕೆಲವದ್ರಲ್ಲಿ ಏನೂ ವ್ಯತ್ಯಾಸ ಇಲ್ಲ. ಶುಗರ್ ಇಲ್ಲದವರು ಮರೆವಿಗೆ ಅಂತ ತಗೊಳ್ಳೋಕೆ ಸದ್ಯಕ್ಕೆ ಯಾವ ಆಧಾರವೂ ಇಲ್ಲ. ಇನ್ನೊಂದು, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ದೇಹದಲ್ಲಿ ಬಿ12 ವಿಟಮಿನ್ ಕಮ್ಮಿ ಆಗಬಹುದು, ಬಿ12 ಕಮ್ಮಿ ಆದ್ರೆ ಮರೆವು, ಕಾಲು ಜುಮ್ಮನ್ನೋದು, ಮಂಕು ಎಲ್ಲಾ ಬರತ್ತೆ. ಮೀನು ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಮೊದ್ಲೇ ಕಮ್ಮಿ ಇರತ್ತೆ. ಮರೆವು ಬರಬಾರದು ಅಂತ ತಗೊಂಡ ಮಾತ್ರೆಯಿಂದ್ಲೇ ಮರೆವು ಬಂದಂಗಾಯ್ತು. ಅದಕ್ಕೇ ಬಹಳ ವರ್ಷದಿಂದ ಇದನ್ನ ತಗೊಳ್ತಿರೋರಿಗೆ ಆಗಾಗ ಬಿ12 ಟೆಸ್ಟ್ ಮಾಡಿಸಿ ಅಂತ ಡಾಕ್ಟರುಗಳು ಹೇಳೋದು, ಕಮ್ಮಿ ಇದ್ರೆ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟು ಸರಿ ಮಾಡ್ತಾರೆ, ಮೆಟ್‌ಫಾರ್ಮಿನ್ ನಿಲ್ಲಿಸಬೇಕಂತೇನಿಲ್ಲ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಹೆಸರು ಈಗ ಬಹಳ ಜನರ ಚೀಟಿಯಲ್ಲಿರತ್ತೆ, ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕೋ ಮಾತ್ರೆಗಳು, ಭಾರತದಲ್ಲಿ ಪೇಟೆಂಟ್ ಮುಗಿದು ಬೆಲೆ ಇಳಿದಿದೆ. ಕೊರಿಯಾದಲ್ಲಿ 40ರಿಂದ 69 ವಯಸ್ಸಿನ ಎರಡು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಇನ್ನೊಂದು ಜಾತಿಯ ಶುಗರ್ ಮಾತ್ರೆ ತಗೊಂಡವರಿಗಿಂತ ಇವನ್ನ ತಗೊಂಡವರಲ್ಲಿ ಡಿಮೆನ್ಶಿಯಾ 35 ಪರ್ಸೆಂಟ್ ಕಮ್ಮಿ ಇತ್ತು ಅಂತ 2024ರಲ್ಲಿ ಬಂತು. ಆಸೆ ಹುಟ್ಟಿಸೋ ಲೆಕ್ಕ, ಆದ್ರೆ ಇದು ಚೀಟಿ ಎತ್ತಿ ಹಂಚಿ ಮಾಡಿದ ಪರೀಕ್ಷೆ ಅಲ್ಲ, ದಾಖಲೆ ತೆಗೆದು ನೋಡಿದ್ದು.

ಇನ್ನು ಎಲ್ಲರ ಬಾಯಲ್ಲಿರೋ ಸೆಮಾಗ್ಲುಟೈಡ್, ಅದೇ ಶುಗರ್, ತೂಕ ಎರಡೂ ಇಳಿಸೋ ಓಜೆಂಪಿಕ್ ಇಂಜೆಕ್ಷನ್ನಲ್ಲಿರೋದು. ಇದರ ವಿಷಯದಲ್ಲೂ ದಾಖಲೆಗಳೆಲ್ಲ ಬಹಳ ಚೆನ್ನಾಗಿದ್ವು, ತಗೊಳ್ಳೋರಿಗೆ ಡಿಮೆನ್ಶಿಯಾ ಕಮ್ಮಿ ಅಂತ. ಕಂಪನಿಯೇ ಧೈರ್ಯ ಮಾಡಿ ಇವೋಕ್, ಇವೋಕ್ ಪ್ಲಸ್ ಅಂತ ಎರಡು ಪರೀಕ್ಷೆ ನಡೆಸ್ತು, ಅಲ್ಜೈಮರ್ ಶುರುವಿನ ಹಂತದಲ್ಲಿರೋ 3,808 ಜನ, ಅರ್ಧ ಜನಕ್ಕೆ ಸೆಮಾಗ್ಲುಟೈಡ್ ಮಾತ್ರೆ, ಅರ್ಧಕ್ಕೆ ನೋಡೋಕೆ ಹಾಗೇ ಇರೋ, ಔಷಧಿ ಇಲ್ಲದ ಖಾಲಿ ಮಾತ್ರೆ. 2025ರ ನವೆಂಬರಲ್ಲಿ ಫಲಿತಾಂಶ ಬಂತು. ಕಾಯಿಲೆ ಮುಂದುವರಿಯೋ ವೇಗದಲ್ಲಿ ಏನೂ ವ್ಯತ್ಯಾಸ ಇಲ್ಲ. ಶುರುವಾದ ಮೇಲೆ ನಿಧಾನ ಮಾಡಲ್ಲ ಅಂತ ಗೊತ್ತಾಯ್ತು. ಶುರುವಾಗೋದಕ್ಕೆ ಹತ್ತು ಹದಿನೈದು ವರ್ಷ ಮುಂಚೆ ಕೊಟ್ರೆ ತಡೆಯತ್ತಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಈ ಪರೀಕ್ಷೆ ಉತ್ತರ ಕೊಡಲ್ಲ.

ದಾಖಲೆಯಲ್ಲಿ ಕಂಡಿದ್ದು ಪರೀಕ್ಷೆಯಲ್ಲಿ ಯಾಕೆ ಕೈ ಕೊಡತ್ತೆ

ಇದೊಂದು ಅರ್ಥ ಆದ್ರೆ ಮುಂದೆ ಬರೋ ನ್ಯೂಸೆಲ್ಲಾ ನೀವೇ ತೂಗಿ ನೋಡಬಹುದು.

ಮಾತ್ರೆಯನ್ನ ಬಿಡದೆ ವರ್ಷಗಟ್ಟಲೆ ತಗೊಳ್ಳೋ ಮನುಷ್ಯ ಎಂಥವನು ಅಂತ ಯೋಚನೆ ಮಾಡಿ. ಬೆಳಿಗ್ಗೆ ವಾಕಿಂಗ್ ಹೋಗ್ತಾನೆ, ಡಾಕ್ಟರ್ ಫೀಸ್ ಕೊಡೋ ಶಕ್ತಿ ಇದೆ, ಸ್ವಲ್ಪ ಓದಿರ್ತಾನೆ, ಮನೇಲಿ ನೆನಪು ಮಾಡೋರು ಇದ್ದಾರೆ. ಇಂಥವನಿಗೆ ಡಿಮೆನ್ಶಿಯಾ ಕಮ್ಮಿ ಬಂದ್ರೆ ಅದು ಮಾತ್ರೆಯಿಂದ್ಲಾ ವಾಕಿಂಗಿಂದ್ಲಾ? ದಾಖಲೆ ಹೇಳಲ್ಲ. ಇನ್ನೊಂದು ಕಡೆಯಿಂದ ನೋಡಿದ್ರೆ, ಮರೆವು ಒಳಗೊಳಗೇ ಶುರುವಾದವರು ಮಾತ್ರೆ ತಗೊಳ್ಳೋದನ್ನೇ ಮರೀತಾರೆ, ತೂಕ ಇಳಿಯತ್ತೆ, ಬಿಪಿನೂ ತಾನಾಗೇ ಇಳಿಯತ್ತೆ, ಆಗ ದಾಖಲೆಯಲ್ಲಿ ಮಾತ್ರೆ ಬಿಟ್ಟವರಿಗೇ ಡಿಮೆನ್ಶಿಯಾ ಜಾಸ್ತಿ ಅಂತ ಕಾಣತ್ತೆ, ನಿಜಕ್ಕೂ ಕಾಯಿಲೆಯೇ ಮೊದ್ಲು ಬಂದಿದ್ದು, ಮಾತ್ರೆ ಬಿಟ್ಟಿದ್ದು ಆಮೇಲೆ. ಚೀಟಿ ಎತ್ತಿ ಹಂಚಿದ್ರೆ ವಾಕಿಂಗ್ ಹೋಗೋರು ಹೋಗದವರು ಎರಡೂ ಗುಂಪಿಗೆ ಸಮನಾಗಿ ಬೀಳ್ತಾರೆ, ಉಳಿಯೋ ವ್ಯತ್ಯಾಸ ಮಾತ್ರೆಯದ್ದೊಂದೇ.

ಇದಕ್ಕೆ ದುಬಾರಿ ಪಾಠ ಅಂದ್ರೆ ಹಾರ್ಮೋನ್ ಮಾತ್ರೆಯದ್ದು. ಮುಟ್ಟು ನಿಂತ ಮೇಲೆ ಹಾರ್ಮೋನ್ ತಗೊಳ್ಳೋ ಹೆಂಗಸರಿಗೆ ಡಿಮೆನ್ಶಿಯಾ ಕಮ್ಮಿ ಅಂತ ದಾಖಲೆಗಳು ವರ್ಷಗಟ್ಟಲೆ ಹೇಳ್ತಿದ್ವು. ಅಮೆರಿಕದಲ್ಲಿ 65 ದಾಟಿದ 4,532 ಹೆಂಗಸರ ಮೇಲೆ ಪರೀಕ್ಷೆ ಮಾಡಿದ್ರು, 2003ರಲ್ಲಿ ಫಲಿತಾಂಶ ಬಂದಾಗ ಖಾಲಿ ಮಾತ್ರೆ ತಗೊಂಡವರಲ್ಲಿ 21 ಜನಕ್ಕೆ ಡಿಮೆನ್ಶಿಯಾ, ಹಾರ್ಮೋನ್ ತಗೊಂಡವರಲ್ಲಿ 40 ಜನಕ್ಕೆ. ಪೂರ್ತಿ ಉಲ್ಟಾ. ದಿನಾ ಒಂದು ಸಣ್ಣ ಆಸ್ಪಿರಿನ್ ತಗೊಂಡ್ರೆ ಮೆದುಳಿಗೆ ಒಳ್ಳೇದು ಅನ್ನೋ ನಂಬಿಕೆಯೂ 2018ರಲ್ಲಿ ಬಿದ್ದುಹೋಯ್ತು, 19,114 ಆರೋಗ್ಯವಂತ ವೃದ್ಧರಲ್ಲಿ ನೋಡಿದಾಗ ಡಿಮೆನ್ಶಿಯಾ ಕಮ್ಮಿ ಆಗ್ಲಿಲ್ಲ, ರಕ್ತಸ್ರಾವ ಜಾಸ್ತಿ ಆಯ್ತು. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಕೊಡೋ ಕಾರಣ ಬೇರೆ, ಅವರು ಇದನ್ನ ಓದಿ ನಿಲ್ಲಿಸಬೇಡಿ.

ಪರೀಕ್ಷೆ ಮಾಡದೇನೂ ನಂಬಿಕೆ ಹುಟ್ಟೋ ಅಪರೂಪದ ಉದಾಹರಣೆ ಒಂದಿದೆ, ಮಾತ್ರೆ ಅಲ್ಲ, ಸರ್ಪಸುತ್ತಿನ ಲಸಿಕೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಸಿಕ್ತು, ಅದಕ್ಕಿಂತ ಒಂದು ವಾರ ಮುಂಚೆ ಹುಟ್ಟಿದವರಿಗೆ ಸಿಗ್ಲಿಲ್ಲ. ಒಂದು ವಾರ ಹಿಂದೆ ಮುಂದೆ ಹುಟ್ಟಿದವರಲ್ಲಿ ಬೇರೆ ಏನು ವ್ಯತ್ಯಾಸ ಇರತ್ತೆ? ಏನಿಲ್ಲ. ಏಳು ವರ್ಷ ಆದ್ಮೇಲೆ ನೋಡಿದ್ರೆ ಲಸಿಕೆ ಹಾಕಿಸ್ಕೊಂಡವರಲ್ಲಿ ಡಿಮೆನ್ಶಿಯಾ ಸುಮಾರು 20 ಪರ್ಸೆಂಟ್ ಕಮ್ಮಿ ಅಂತ 2025ರ ಏಪ್ರಿಲಲ್ಲಿ ಪ್ರಕಟ ಆಯ್ತು. ಸರ್ಕಾರದ ಕಟಾಫ್ ತಾರೀಖೇ ಚೀಟಿ ಎತ್ತೋ ಕೆಲಸ ಮಾಡ್ತು.

ಕೊಲೆಸ್ಟರಾಲ್ ಮಾತ್ರೆ ನೆನಪು ಕೆಡಿಸತ್ತಾ

2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ, ನಾವು ಬದಲಾಯಿಸಬಹುದಾದ 14 ಕಾರಣಗಳನ್ನ ಪಟ್ಟಿ ಮಾಡ್ತು, ಇವೆಲ್ಲಾ ಸರಿ ಹೋದ್ರೆ ಸುಮಾರು 45 ಪರ್ಸೆಂಟ್ ಡಿಮೆನ್ಶಿಯಾ ತಡೀಬಹುದು ಅಥವಾ ಮುಂದೂಡಬಹುದು ಅಂತ. ಬಿಪಿ, ಶುಗರ್, ಸಿಗರೇಟು, ಕಿವಿ ಕೇಳದಿರೋದು ಮೊದ್ಲೇ ಪಟ್ಟಿಯಲ್ಲಿತ್ತು, ಈ ಸಲ ಹೊಸದಾಗಿ ಸೇರಿದ್ದು ದೃಷ್ಟಿ ಕಮ್ಮಿ ಆಗೋದು ಮತ್ತೆ ನಡುವಯಸ್ಸಲ್ಲಿ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟರಾಲ್ ಜಾಸ್ತಿ ಇರೋದು.

ಆದ್ರೂ ಅದನ್ನ ಇಳಿಸೋ ಸ್ಟ್ಯಾಟಿನ್ ಮಾತ್ರೆ ಡಿಮೆನ್ಶಿಯಾ ತಡೆಯತ್ತೆ ಅಂತ ಪರೀಕ್ಷೆಯಲ್ಲಿ ಇನ್ನೂ ಸಾಬೀತಾಗಿಲ್ಲ. 2002ರಲ್ಲಿ ಬಂದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಒಂದರಲ್ಲಿ 20,536 ಜನ, ಇನ್ನೊಂದರಲ್ಲಿ 70 ದಾಟಿದ 5,804 ಜನ, ನೆನಪಿನ ಮಟ್ಟಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಎಪ್ಪತ್ತರಲ್ಲಿ ಶುರು ಮಾಡಿ ಕೆಲವೇ ವರ್ಷ ನೋಡಿದ್ರೆ ಸಾಲದೇನೋ ಅನ್ನೋ ವಾದ ಇದೆ. ನೆನಪು ಕೆಡಿಸತ್ತೆ ಅನ್ನೋ ಭಯ ಬಂದಿದ್ದು 2012ರಲ್ಲಿ, ಅಮೆರಿಕದ ಔಷಧಿ ಇಲಾಖೆ ಕೆಲವರಲ್ಲಿ ತಾತ್ಕಾಲಿಕ ಮರೆವು ಗೊಂದಲ ಬಂದ ವರದಿಗಳಿವೆ, ಮಾತ್ರೆ ನಿಲ್ಲಿಸಿದ್ರೆ ಸರಿಹೋಗತ್ತೆ ಅಂತ ಲೇಬಲ್ ಮೇಲೆ ಹಾಕಿಸ್ತು. ಅದು ಡಿಮೆನ್ಶಿಯಾ ಬರತ್ತೆ ಅಂತ ಹೇಳಿದ್ದಲ್ಲ. ಹಾರ್ಟಿಗೆ ಅಂತ ಕೊಟ್ಟ ಅಟೋರ್ವಾಸ್ಟಾಟಿನ್ ಅನ್ನೋ ಸ್ಟ್ಯಾಟಿನ್ ಮಾತ್ರೆಯನ್ನ ಮರೆವಿನ ಭಯಕ್ಕೆ ಬಿಟ್ರೆ ಲಕ್ವಾ ಹೊಡೆಯೋ ಅಪಾಯ ಜಾಸ್ತಿ, ಲಕ್ವಾ ಹೊಡೆದ್ರೆ ಡಿಮೆನ್ಶಿಯಾಗೆ ಬಾಗಿಲು ತೆರೆದಂಗೆ.

ಮಂಕು ಹೆಚ್ಚಿಸೋ ಮಾತ್ರೆಗಳೂ ಇವೆ

ಇದನ್ನ ಯಾರೂ ಕೇಳಲ್ಲ, ಆದ್ರೆ ಎಷ್ಟೋ ಮನೆಗಳಲ್ಲಿ ಮೊದ್ಲು ನೋಡಬೇಕಾದ್ದು ಇದನ್ನೇ. ನೆಗಡಿಗೆ ಅಂಗಡಿಯಲ್ಲಿ ಕೇಳಿ ತಗೊಳ್ಳೋ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಇರತ್ತೆ, ಕಾಲುರಿಗೆ ನಿದ್ದೆಗೆ ಅಂತ ಅಮಿಟ್ರಿಪ್ಟಿಲಿನ್ ಕೊಡ್ತಾರೆ, ಪದೇ ಪದೇ ಮೂತ್ರಕ್ಕೆ ಹೋಗೋದು ತಡೆಯೋಕೆ ಆಕ್ಸಿಬ್ಯುಟಿನಿನ್. ಇವೆಲ್ಲಾ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರತ್ತೆ. ಯುವಕರಿಗೆ ಬಾಯಿ ಒಣಗತ್ತೆ, ನಿದ್ದೆ ಬರತ್ತೆ, ಅಷ್ಟೇ. ಎಂಬತ್ತರವರಿಗೆ ತಲೆ ಮಂಕಾಗಿ ಇದು ಯಾವ ವಾರ ಅಂತಾನೂ ತಿಳಿಯದಂಗೆ ಆಗಬಹುದು, ಮನೆಯವರು ಡಿಮೆನ್ಶಿಯಾ ಬಂತು ಅಂತ ಗಾಬರಿ ಬೀಳ್ತಾರೆ. ನಿದ್ದೆ ಮಾತ್ರೆಗಳದ್ದೂ ಅದೇ ಹಾಡು. ಥೈರಾಯ್ಡ್ ಕಮ್ಮಿ ಇರೋದು, ಬಿ12 ಕಮ್ಮಿ ಇರೋದು, ಖಿನ್ನತೆ, ಇವುಗಳಿಂದ ಬಂದ ಮರೆವನ್ನೂ ಚಿಕಿತ್ಸೆಯಿಂದ ಬಹಳಷ್ಟು ಸರಿ ಮಾಡಬಹುದು. ಡಾಕ್ಟರ್ ಹತ್ರ ಹೋಗೋವಾಗ ಸ್ಟೀಲ್ ಡಬ್ಬಿಯಲ್ಲಿರೋದು, ಫ್ರಿಜ್ ಮೇಲಿರೋದು, ದಿಂಬಿನ ಕೆಳಗಿರೋದು, ಆಯುರ್ವೇದದ್ದು, ಅಂಗಡಿಯವ ಕೊಟ್ಟಿದ್ದು, ಎಲ್ಲಾ ಸ್ಟ್ರಿಪ್ಪುಗಳನ್ನ ಒಂದೇ ಚೀಲಕ್ಕೆ ಹಾಕ್ಕೊಂಡು ಹೋಗಿ ಮೇಜಿನ ಮೇಲೆ ಸುರಿದ್ರೆ ಅವರಿಗೆ ಅರ್ಧ ಕೆಲಸ ಸುಲಭ.

ಜನ ಕೇಳೋ ಇನ್ನೆರಡು ಪ್ರಶ್ನೆ

*ನನಗೆ ಬಿಪಿ ಶುಗರ್ ಎರಡೂ ಇಲ್ಲ, ಅಮ್ಮನಿಗೆ ಅಲ್ಜೈಮರ್ ಇತ್ತು, ಮುಂಜಾಗ್ರತೆಗೆ ಏನಾದ್ರೂ ಮಾತ್ರೆ ಶುರು ಮಾಡ್ಲಾ?* ಬೇಡ. ಕಾಯಿಲೆ ಇಲ್ಲದವರಿಗೆ ಇಂಥ ಯಾವ ಮಾತ್ರೆಯೂ ಡಿಮೆನ್ಶಿಯಾ ತಡೆಯತ್ತೆ ಅಂತ ಸಾಬೀತಾಗಿಲ್ಲ. ಇಲ್ಲ ಅಂತ ನೀವು ಅಂದುಕೊಂಡಿದ್ದೀರಾ ಅಥವಾ ನಿಜಕ್ಕೂ ಇಲ್ವಾ ಅನ್ನೋದನ್ನ ಮಾತ್ರ ನಲವತ್ತರ ಮೇಲೆ ಪ್ರತಿ ವರ್ಷ ನೋಡಿಸ್ಕೊಳ್ಳಿ, ಯಾಕಂದ್ರೆ ಬಿಪಿ ಏರಿದ್ರೆ ನೋವೂ ಇಲ್ಲ ಜ್ವರವೂ ಇಲ್ಲ. ಅಂದಹಾಗೆ ನಮ್ಮ ದೇಶದವರ ಮೆದುಳಿಗೆ ಯಾವ ಕಾರಣ ಎಷ್ಟು ಭಾರ ಅಂತ ಹುಡುಕೋ ಕೆಲಸ ನಮ್ಮ ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲೇ ನಡೀತಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನ ವರ್ಷ ವರ್ಷ ಪರೀಕ್ಷಿಸ್ತಿದ್ದಾರೆ, 10,000 ಜನರ ಗುರಿ ಇಟ್ಕೊಂಡು.

*ಅಪ್ಪನಿಗೆ ಆಗ್ಲೇ ಡಿಮೆನ್ಶಿಯಾ ಇದೆ, ಇನ್ನು ಬಿಪಿ ಶುಗರ್ ಮಾತ್ರೆ ಯಾಕೆ, ನಿಲ್ಲಿಸಿಬಿಡ್ಲಾ?* ನೀವೇ ನಿಲ್ಲಿಸಬೇಡಿ, ಆದ್ರೆ ಹಳೇ ಡೋಸನ್ನೇ ಕಣ್ಣು ಮುಚ್ಚಿ ಮುಂದುವರಿಸಲೂಬೇಡಿ. ಊಟ ಕಮ್ಮಿ ಆಗಿ ತೂಕ ಇಳಿದ ಮೇಲೆ ಅದೇ ಡೋಸಿಗೆ ಬಿಪಿ ಶುಗರ್ ಎರಡೂ ತೀರಾ ಕೆಳಗೆ ಹೋಗಬಹುದು, ಊಟ ಮಾಡಿದ್ದು ಮರೆತಂಗೆ ಮಾತ್ರೆ ತಗೊಂಡಿದ್ದು ಮರೆತು ಎರಡನೇ ಸಲ ತಗೊಂಡ್ರೆ ಇನ್ನೂ ಕಷ್ಟ. ಡಬ್ಬಿ ಅವರ ಕೈಗೆ ಸಿಗದ ಕಡೆ ಇರಲಿ, ಕೊಡೋದು ಮನೆಯಲ್ಲಿ ಯಾರಾದ್ರೂ ಒಬ್ಬರ ಕೆಲಸ ಆಗ್ಲಿ, ಕೊಟ್ಟ ಕೂಡ್ಲೇ ಕ್ಯಾಲೆಂಡರಲ್ಲಿ ಒಂದು ಗೀಟು ಹಾಕಲಿ. ಆ ಒಬ್ಬರಿಗೂ ಆಸರೆ ಬೇಕು, ಗೋವಾದಲ್ಲಿ 81 ಕುಟುಂಬಗಳ ಜೊತೆ ಒಂದು ಪರೀಕ್ಷೆ ಮಾಡಿದ್ರು, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೇ ಬಂದು ನೋಡಿಕೊಳ್ಳೋರ ಜೊತೆ ಮಾತಾಡಿ, ಹೇಗೆ ನಿಭಾಯಿಸ್ಬೇಕು ಅಂತ ಹೇಳಿಕೊಡ್ತಿದ್ರು, ಅಂಥ ಮನೆಗಳಲ್ಲಿ ನೋಡಿಕೊಳ್ಳೋರ ಮಾನಸಿಕ ಒತ್ತಡ ಕಮ್ಮಿ ಆಯ್ತು ಅಂತ 2008ರಲ್ಲಿ ಪ್ರಕಟ ಆಗಿದೆ. ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಅಪ್ಪನ ಬಿಪಿ ಜೊತೆಗೆ ನಿಮ್ಮದನ್ನೂ ನೋಡಿಸ್ಕೊಂಡು ಬನ್ನಿ.